ಮೂಗು ಮುರಿಯುವ ಮೇಡಂ

ಆ ದಿನ ಬೆಳಿಗ್ಗೆ ತೊಟ್ಟಿಯ ನೀರು ಕನ್ನಡಿಯಂತೆ ತಿಳಿಯಾಗಿತ್ತು. ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅಲ್ಲಿಂದ ಹರಿದು ಬರುವ ಹೊಲಸು ನೀರಿನ ಬಣ್ಣ ತೆಗೆಯುವುದು ನನ್ನ ಕೆಲಸ. ಒಂದು ದಿನ ಕೆಂಪು, ಮರುದಿನ ನೀಲಿ, ಮೂರನೆಯ ದಿನ ಎರಡೂ ಬೆರೆತು ಕೀವುಗಟ್ಟಿದ ಗಾಯದ ಬಣ್ಣ. ಅಂಚಿಗೆ ಅಂಟಿಕೊಂಡ ಲೋಳೆ ನೊರೆ. ಊಟದ ಡಬ್ಬಿ ತೆರೆದರೂ ಅದೇ ನಾತ. ಮನೆಗೆ ಹೋದರೆ ಅಮ್ಮ, "ಮೊದ್ಲು ಸ್ನಾನ, ಆಮೇಲೆ ಮಾತು" ಎಂದು ಹಿಂಬಾಗಿಲು ತೋರಿಸುತ್ತಿದ್ದಳು.

ಈ ಹೊಲಸನ್ನೆಲ್ಲ ನನ್ನ ಪಾಲಿಗೆ ಕಳಿಸುತ್ತಿದ್ದವನು ಬಣ್ಣದ ಮಾಸ್ಟರ್. ಮೊಣಕೈವರೆಗೂ ಬಣ್ಣ, ಉಗುರಿನ ಸಂದಿಯಲ್ಲೂ ಬಣ್ಣ. ದಿನಾ ಹನ್ನೊಂದು ಗಂಟೆಗೆ ಏನಾದರೊಂದು ನೆಪ ತೆಗೆದು ಬಂದು, ತೊಟ್ಟಿಯ ಕಟ್ಟೆಗೆ ಒರಗಿ ನನ್ನ ಮೂಗನ್ನೇ ನೋಡುತ್ತಿದ್ದ.

"ಮೂಗು ಮುರಿಯೋ ಮೇಡಂ, ಇವತ್ತು ನಮ್ಮ ಕೆಂಪು ಹೇಗಿದೆ?"

"ವಾಂತಿ ಬರೋ ಹಾಗಿದೆ."

"ಬಟ್ಟೆ ಮೇಲೆ ನೋಡಿದ್ರೆ ಹೀಗನ್ನಲ್ಲ ನೀವು."

"ಬಟ್ಟೆ ಮೇಲೇ ಉಳಿದಿದ್ರೆ ನನ್ನ ತೊಟ್ಟಿಗ್ಯಾಕೆ ಬರ್ತಿತ್ತು, ಮಾಸ್ಟ್ರೇ?"

ಅವನು ನಗುತ್ತಿದ್ದ. ಆ ನಗು ಕಂಡರೆ ನನಗೆ ಸಿಟ್ಟು, ಕಾಣದ ದಿನ ಇನ್ನೂ ಸಿಟ್ಟು.

ಎಂಟು ತಿಂಗಳಿಂದ ಆ ತೊಟ್ಟಿಯ ಕೆಸರಿನಲ್ಲಿ ಬಣ್ಣ ತಿನ್ನುವ ಸೂಕ್ಷ್ಮಜೀವಿಗಳನ್ನು ಸಾಕಿದ್ದೆ. ಅವುಗಳ ಊಟಕ್ಕೆ ಸಕ್ಕರೆ ಕಾರ್ಖಾನೆಯ ಕಾಕಂಬಿ ಕರಗಿಸಿ ಹಾಕಿದ್ದೆ, ಹೊತ್ತು ಹೊತ್ತಿಗೆ ಗಾಳಿ ಊದಿಸಿದ್ದೆ. ಮಾಲಿನ್ಯ ಮಂಡಳಿಯವರ ತಪಾಸಣೆಗೆ ಮೂರು ವಾರವಿತ್ತು. ಅಷ್ಟರೊಳಗೆ ಅವು ಕೆಲಸ ತೋರಿಸದಿದ್ದರೆ ಮಾಲೀಕರು ತೊಟ್ಟಿ ಮುಚ್ಚಿಸಿ ನನ್ನನ್ನೂ ಮನೆಗೆ ಕಳಿಸುವವರಿದ್ದರು.

ತಿಳಿ ನೀರನ್ನು ಲೋಟದಲ್ಲಿ ಎತ್ತಿ ಮೂಸಿದೆ. ಬ್ಲೀಚಿಂಗ್ ಘಾಟು. ಕಂದು ಬಣ್ಣದ ಕೆಸರು ಬೂದಿ ಬಣ್ಣಕ್ಕೆ ತಿರುಗಿ ತಳದಲ್ಲಿ ಬಿದ್ದಿತ್ತು.

ಹನ್ನೊಂದಕ್ಕೆ ಅವನು ಬಂದ. ಮುಖ ಹಿಗ್ಗಿ ಹೀರೇಕಾಯಿಯಾಗಿತ್ತು.

"ಹೇಗಿದೆ? ರಾತ್ರಿ ಎರಡು ಡ್ರಮ್ ಬ್ಲೀಚಿಂಗ್ ಹಾಕ್ದೆ. ನೀವು ಒಂದಿನವಾದ್ರೂ ಮೂಗು ಮುರೀದೆ ಇರ್ಲಿ ಅಂತ."

"ಬೆಳ್ಳಗಿರೋದೆಲ್ಲ ಹಾಲಲ್ಲ, ಮಾಸ್ಟ್ರೇ. ಬಣ್ಣ ಕಾಣ್ತಿಲ್ಲ ಅಷ್ಟೇ, ವಿಷ ಅಲ್ಲೇ ಇದೆ. ಅದನ್ನ ತಿನ್ನೋ ಜೀವಗಳು ಸತ್ತವು. ಎಂಟು ತಿಂಗಳು ಸಾಕಿದ್ದೆ."

ಅವನ ನಗು ಹಾರಿಹೋಯಿತು. ನಾನು ನಿಲ್ಲಿಸಲಿಲ್ಲ.

"ನಿಮ್ಮನ್ನ ಕಂಡ್ರೇ ಅಸಹ್ಯ ಆಗ್ತಿದೆ."

ನೀರಿಗೆ ಆ ಮಾತನ್ನು ಸಾವಿರ ಸಲ ಹೇಳಿದ್ದೆ. ಮನುಷ್ಯರಿಗೆ ಹೇಳಿದ್ದು ಅದೇ ಮೊದಲು.

ಎರಡು ದಿನ ಅವನು ಬರಲಿಲ್ಲ. ಸತ್ತ ಕೆಸರು ಕೊಳೆತ ಮೊಟ್ಟೆಯಂತೆ ನಾರತೊಡಗಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಕೆಟ್ಟಿನಲ್ಲಿ ಎತ್ತಿ ಎತ್ತಿ ತೆಗೆದೆ, ಎರಡು ಸಲ ಗೋಡೆ ಹಿಡಿದು ಕಕ್ಕಿದೆ. ಹನ್ನೊಂದು ಗಂಟೆಗೆ ಕಣ್ಣು ತಾನಾಗಿ ಕಟ್ಟೆಯ ಕಡೆ ಹೋಯಿತು. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಮೂರನೆಯ ದಿನ ಗೇಟಿನಲ್ಲಿ ಒಂದು ಟೆಂಪೋ ನಿಂತಿತು. ಹಿಂದೆ ಹನ್ನೆರಡು ಡ್ರಮ್. ನಡುವಿನಿಂದ ಅವನು ಇಳಿದ. ದಾರಿಯಲ್ಲಿ ಒಂದು ಡ್ರಮ್ ಮಗುಚಿ ಕುತ್ತಿಗೆಯಿಂದ ಕಾಲಿನವರೆಗೆ ಕೆಸರು ಮೆತ್ತಿತ್ತು.

"ಪಕ್ಕದೂರಿನ ಕಾರ್ಖಾನೆ ತೊಟ್ಟಿದು," ಎಂದ, ದೂರದಲ್ಲೇ ನಿಂತು. "ಕಾಲಿಗೆ ಬಿದ್ದು ಕೇಳ್ದೆ. ಬದುಕಿರೋ ಕೆಸರು ಅಂದ್ರು. ನಂಗೇನು ತಿಳಿಯುತ್ತೆ, ನೀವೇ ನೋಡಿ."

ನಾನು ಡ್ರಮ್ಮುಗಳನ್ನು ಎಣಿಸಿದೆ.

"ಬಟ್ಟೆ ಹಿಡೀದ ಬಣ್ಣ ತಾನೇ ನಿಮ್ಮ ತೊಟ್ಟಿಗೆ ಬರೋದು? ಅದನ್ನ ಕಮ್ಮಿ ಮಾಡೋದು ನನ್ನ ಕೈಲಿದೆ, ಮಾಡ್ತೀನಿ. ಇನ್ನೊಂದು ಮಾತು. ದಿನಾ ಬರ್ತಿದ್ದಿದ್ದು ನೀರು ನೋಡೋಕಲ್ಲ. ನೀವಂದ್ರೆ ನಂಗೆ ಪ್ರೀತಿ. ಅಸಹ್ಯ ಆದ್ರೆ ಈಗ್ಲೇ ಹೇಳ್ಬಿಡಿ."

ಬದುಕಿರುವ ಕೆಸರಿಗೆ ಹಸಿ ಮಣ್ಣಿನ ವಾಸನೆ. ಪರೀಕ್ಷಿಸಲು ಡ್ರಮ್ಮಿನ ಮುಚ್ಚಳ ತೆರೆಯಬಹುದಿತ್ತು. ನಾನು ಹತ್ತಿರ ಹೋಗಿ ಅವನ ಕಾಲರಿಗೇ ಮೂಗಿಟ್ಟೆ. ಅವನು ಉಸಿರು ಬಿಗಿಹಿಡಿದು ನಿಂತ.

"ಬದುಕಿದೆ," ಎಂದೆ.

"ಕೆಸರಾ?"

"ಕೆಸರೂ."

ಅವನ ಲೋಳೆ ಕೈ ಹಿಡಿದುಕೊಂಡೆ. ಬೆರಳ ಸಂದಿಯಿಂದ ಕೆಸರು ಜಿನುಗಿತು, ಆದರೂ ಬಿಡಲಿಲ್ಲ.

"ನಡೀರಿ, ಡ್ರಮ್ ಇಳಿಸೋಣ. ಸಾಯಂಕಾಲ ನಮ್ಮನೆಗೆ ಬನ್ನಿ. ಹಿಂಬಾಗಿಲಿಂದ. ಮೊದ್ಲು ಸ್ನಾನ, ಆಮೇಲೆ ಅಮ್ಮನ ಹತ್ರ ಮಾತು."