ಪುಟ ನಲವತ್ತೊಂದು, ನಿಯಮ ಹದಿನೇಳು

"ಕಾಮಾ ಎಲ್ಲಿ?" ಎಂದು ಅವಳು ಕೇಳಿದಳು.

ಓದುತ್ತಿದ್ದವನು ತಲೆ ಎತ್ತಿದ. "ಯಾವ ಕಾಮಾ?"

"ಗಣಿತ ಅನ್ನೋ ಪದದ ಮುಂದೆ ಒಂದು, ತರ್ಕದ ಮುಂದೆ ಒಂದು. ಎರಡನ್ನೂ ನುಂಗಿಬಿಟ್ರಿ. ಇಲ್ಲಿ ಕಾಮಾನೂ ಬಾಯಿಬಿಟ್ಟು ಓದ್ಬೇಕು, ಫುಲ್‌ಸ್ಟಾಪೂ ಓದ್ಬೇಕು."

"ಉಸಿರು ಬಿಡೋದನ್ನೂ ಹೇಳ್ಬೇಕಾ?"

"ಅದು ಅಚ್ಚಾಗಲ್ಲ. ಬೇಡ."

ಸಂಜೆ ಕಾಲೇಜಿನ ಮೇಷ್ಟ್ರಿಗೆ ಅಚ್ಚುಮನೆಯಲ್ಲಿ ಅದು ಮೊದಲ ದಿನ, ಮೊದಲ ಹತ್ತು ನಿಮಿಷ. ಕಾಲೇಜಿನ ಈ ವರ್ಷದ ಕೈಪಿಡಿ ಅಚ್ಚಿಗೆ ಬಂದಿತ್ತು. ಕಂಪ್ಯೂಟರ್ ಡಿಗ್ರಿಯಲ್ಲಿ ಯಾವ ಯಾವ ಕೋರ್ಸ್ ಇದೆ, ಏನೇನು ಕಲಿಸುತ್ತಾರೆ, ಕಲಿತರೆ ಮುಂದೆ ಯಾವ ಕೆಲಸ ಸಿಗುತ್ತದೆ ಎಂದು ಹೇಳುವ ಅರವತ್ತು ಪುಟದ ಪುಸ್ತಕ. ಆ ಅಚ್ಚುಮನೆಯಲ್ಲಿ ಕರಡು ತಿದ್ದುವ ಪದ್ಧತಿ ಹಳೆಯದು. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಬೇಕು, ಎದುರು ಕೂತವರು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಓಡಿಸುತ್ತಾ ತಪ್ಪು ಹಿಡಿಯಬೇಕು.

ಓದುವ ಕೆಲಸ ಯಜಮಾನನದು, ಅಂದರೆ ಅವಳ ಸೋದರಮಾವನದು. ಆದರೆ ಮಾವ ಹೊಸ ಹಲ್ಲು ಕಟ್ಟಿಸಿಕೊಂಡ ಮೇಲೆ ಫುಲ್‌ಸ್ಟಾಪ್ ಎಂದಾಗಲೆಲ್ಲ ಒಂದು ಶಿಳ್ಳೆ ಹೊರಡುತ್ತಿತ್ತು. ಅವಳು ನಗು ತಡೆಯುವುದರೊಳಗೆ ನಾಲ್ಕು ತಪ್ಪು ಕಣ್ಣು ತಪ್ಪಿಸಿ ಹೋಗುತ್ತಿದ್ದವು. ಹಾಗಾಗಿ ಮಾವ ಕಾಲೇಜಿಗೆ ಫೋನ್ ಮಾಡಿ, ಬರೆದವರನ್ನೇ ಕಳಿಸಿ ಎಂದಿದ್ದ.

ಬರೆದವನು ಬಂದ. ಮೂವತ್ತರ ಆಸುಪಾಸು, ತೋಳಿನ ಮೇಲೆ ಸೀಮೆಸುಣ್ಣದ ಗುರುತು, ಪದೇ ಪದೇ ಮೂಗಿನ ತುದಿಗೆ ಜಾರುವ ಕನ್ನಡಕ. ಎದುರಿಗೆ ಅವಳು ಅವನನ್ನು "ಮೇಷ್ಟ್ರೇ, ನೀವು" ಎನ್ನುತ್ತಿದ್ದಳು. ಮನಸ್ಸಿನಲ್ಲಿ ಎರಡನೆಯ ದಿನಕ್ಕೇ ಏಕವಚನ ಬಂದುಬಿಟ್ಟಿತ್ತು.

ಅವಳಿಗೆ ತಪ್ಪು ಸಿಕ್ಕಾಗ ಪೆನ್ಸಿಲ್‌ಗಿಂತ ಮೊದಲು ಎಡಹುಬ್ಬು ಏಳುತ್ತಿತ್ತು. ಅದನ್ನು ಪತ್ತೆಹಚ್ಚಿದ ಮೇಲೆ ಅವನು ಹಾಳೆ ಬಿಟ್ಟು ಹುಬ್ಬು ನೋಡಿಕೊಂಡು ಓದತೊಡಗಿದ. ಅದರಿಂದ ಸಾಲು ತಪ್ಪುತ್ತಿತ್ತು. ಸಾಲು ತಪ್ಪಿದರೆ ಹುಬ್ಬು ಏಳುತ್ತಿತ್ತು. ದಿನಕ್ಕೆ ಇಪ್ಪತ್ತು ಪುಟ ಆಗಬೇಕಾದ ಕೆಲಸ ಹದಿನೈದಕ್ಕಿಳಿಯಿತು. ಇಬ್ಬರಿಗೂ ಅದರ ಬಗ್ಗೆ ದೂರಿರಲಿಲ್ಲ.

ಪುಟ ಹನ್ನೆರಡರಲ್ಲಿ, ಕಂಪ್ಯೂಟರ್ ಸೈನ್ಸ್ ಬಗ್ಗೆ ಬರೆಯುತ್ತಾ, "ಈ ಕೋರ್ಸ್ ಸುಲಭವಲ್ಲ" ಎಂಬ ಒಂದು ಸಾಲಿತ್ತು. ಅದನ್ನು ಓದಿ ಅವನೇ ಹೆದರಿದ. "ಪ್ರಿನ್ಸಿಪಾಲರು ಬೈತಾರೆ" ಎಂದು ಗೀಟು ಎಳೆದ. ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಆ ಸಾಲಿನ ಕೆಳಗೆ ಸಣ್ಣ ಸಣ್ಣ ಚುಕ್ಕೆಗಳನ್ನಿಟ್ಟಳು.

"ಇದೇನು, ಇರುವೆ ಸಾಲಾ?"

"ಹೊಡೆದುಹಾಕಿದ್ದು ತಪ್ಪಾಯ್ತು, ಇದ್ದದ್ದು ಹಾಗೇ ಇರಲಿ ಅಂತ. ಚುಕ್ಕೆ ಇಟ್ರೆ ಗೀಟು ಲೆಕ್ಕಕ್ಕಿಲ್ಲ. ನಿಜ ಬರೆದಿದ್ದೀರಿ, ಯಾಕೆ ಹೊಡೀತೀರಿ?"

"ಚುಕ್ಕೆ ಯಾರು ಬೇಕಾದ್ರೂ ಇಡಬಹುದಾ?"

"ಕರಡು ತಿದ್ದೋರು ಮಾತ್ರ. ಬರೆದೋರಿಗೆ ಆ ಅಧಿಕಾರ ಇಲ್ಲ."

ಅವನು ಚುಕ್ಕೆಗಳನ್ನೇ ಸ್ವಲ್ಪ ಹೊತ್ತು ನೋಡಿ, ಕನ್ನಡಕ ಮೇಲೇರಿಸಿಕೊಂಡು, ಮುಂದಿನ ಸಾಲಿಗೆ ಹೋದ.

ಅವಳಿಗೂ ಆ ಪುಸ್ತಕಕ್ಕೂ ಕೆಲಸದಾಚೆಗೂ ಒಂದು ಸಂಬಂಧವಿತ್ತು. ತಿಂಗಳ ಹಿಂದೆ ಮಾವ ಅವಳನ್ನು ಕೂರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದ್ದ. "ತಪ್ಪು ಹಿಡಿಯೋ ಕೆಲಸ ಈಗ ಕಂಪ್ಯೂಟರೇ ಮಾಡುತ್ತೆ. ಇನ್ನು ಐದು ವರ್ಷಕ್ಕೆ ನಿನ್ನ ಪೆನ್ಸಿಲ್ ಯಾರಿಗೂ ಬೇಡ. ನಂದೇನೋ ಮುಗೀತು, ನಿಂಗಿನ್ನೂ ಇಪ್ಪತ್ತಾರು. ಹೋಗಿ ಡಿಗ್ರಿ ಮಾಡು." ಅವಳು ಅದೇ ಸಂಜೆ ಕಾಲೇಜಿನಿಂದ ಅರ್ಜಿ ತಂದಿದ್ದಳು. ಅರ್ಜಿಯಲ್ಲಿ ಮೂರು ಚೌಕ: ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸಿಸ್ಟಮ್ಸ್, ಹೊಸದಾಗಿ ಶುರುವಾದ ಡೇಟಾ ಸೈನ್ಸ್. ಒಂದಕ್ಕೆ ಮಾತ್ರ ಟಿಕ್ ಹಾಕಬೇಕು. ಕೆಳಗೆ ದಪ್ಪಕ್ಷರದಲ್ಲಿ, ಒಮ್ಮೆ ಆರಿಸಿದ ಮೇಲೆ ಬದಲಾಯಿಸಲು ಅವಕಾಶವಿಲ್ಲ ಎಂದಿತ್ತು. ಕಡೆಯ ದಿನ ಶುಕ್ರವಾರ, ಸಂಜೆ ಐದು. ಆರಿಸಲು ನೆರವಾಗಬೇಕಾದ ಕೈಪಿಡಿ ಮಾತ್ರ ಪ್ರತಿ ವರ್ಷದಂತೆ ಅದರ ಮುಂದಿನ ವಾರ ಹೊರಬರಲಿತ್ತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ಕಾಲೇಜುಗಳನ್ನು ಮೀರಿಸುವವರಿಲ್ಲ.

ಹಗಲು ಕೆಲಸ, ಸಂಜೆ ಓದು, ಹೀಗೆ ನಾಲ್ಕು ವರ್ಷ. ಮುಗಿಯುವ ಹೊತ್ತಿಗೆ ಮೂವತ್ತು. ತಪ್ಪಾದ ಚೌಕಕ್ಕೆ ಟಿಕ್ ಹಾಕಿ ಇನ್ನೊಮ್ಮೆ ಶುರುಮಾಡುವಷ್ಟು ವರ್ಷಗಳು ತನ್ನ ಬಳಿ ಇಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಟಿಕ್ ಹಾಕಲು ಕೈ ಬರುತ್ತಿರಲಿಲ್ಲ.

ಬುಧವಾರ ಚಹಾ ಕುಡಿಯುವಾಗ ಅವಳು ಕೇಳಿಯೇಬಿಟ್ಟಳು. "ಮೇಷ್ಟ್ರೇ, ಮೂರಕ್ಕೂ ಕೆಲಸ ಕಾದು ಕೂತಿದೆ ಅಂತ ಬರೆದಿದ್ದೀರಲ್ಲ. ನಾನು ಯಾವುದು ತಗೊಳ್ಲಿ?"

ಅವನ ಲೋಟ ಬಾಯಿಯ ಹತ್ತಿರ ನಿಂತಿತು. "ನೀವು ಅಪ್ಲೈ ಮಾಡ್ತಿದ್ದೀರಾ? ನಮ್ಮ ಕಾಲೇಜಿಗೆ?"

"ನಿಮ್ಮ ಕಾಲೇಜೇ. ಯಾಕೆ, ನನ್ನಂಥೋರನ್ನ ಸೇರಿಸಲ್ವಾ?"

"ಇನ್ಫರ್ಮೇಷನ್ ಸಿಸ್ಟಮ್ಸ್ ತಗೊಳ್ಳಿ" ಎಂದ, ತಟ್ಟನೆ. "ಆಫೀಸ್ ಕೆಲಸ ಸಿಗುತ್ತೆ, ಆರಾಮಾಗಿರುತ್ತೆ. ಕಂಪ್ಯೂಟರ್ ಸೈನ್ಸ್ ಬೇಡ. ಅಲ್ಲಿ ಗಣಿತ ಜಾಸ್ತಿ."

ಗಣಿತ ಜಾಸ್ತಿ. ಆ ಎರಡು ಪದ ಅವಳ ಎದೆಗೆ ಮುಳ್ಳಿನಂತೆ ಹೊಕ್ಕವು. ಹುಬ್ಬು ಏಳಲಿಲ್ಲ, ನಗು ಬರಲಿಲ್ಲ. ಮೂರು ದಿನ ಎದುರು ಕೂತು ನೋಡಿದವನಿಗೆ ತಾನು ಕಾಮಾ ಎಣಿಸಲಷ್ಟೇ ಲಾಯಕ್ಕು ಎನಿಸಿರಬೇಕು ಎಂದುಕೊಂಡಳು. ಮಧ್ಯಾಹ್ನವೆಲ್ಲ ಇಬ್ಬರೂ ಹಾಳೆಯಿಂದ ತಲೆ ಎತ್ತಲಿಲ್ಲ. ನಿಯಮಗಳ ಪುಟಗಳನ್ನು ಅವನು ಒಂದೇ ದನಿಯಲ್ಲಿ ಓದುತ್ತಾ ಹೋದ, ಒಂದು ಕಾಮಾವನ್ನೂ ಬಿಡದೆ. ಆ ಒಂದೇ ದಿನ ಮೂವತ್ತು ಪುಟ ಓಡಿ ಪುಸ್ತಕವೇ ಮುಗಿಯಿತು. ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರಲ್ಲ, ಇಬ್ಬರೂ ಚೂರುಗಳ ನಡುವೆ ಕೂತು ಕೆಲಸ ಮಾಡಿದ ಹಾಗಿತ್ತು.

ಗುರುವಾರ ಅವನು ಬರಲಿಲ್ಲ. ಕಡೆಯ ಕರಡನ್ನು ಸಹಿಗೆಂದು ಕಾಲೇಜಿಗೆ ಒಯ್ದಿದ್ದ.

ಖಾಲಿ ಕುರ್ಚಿಯನ್ನು ನೋಡಿ ನೋಡಿ ಸಾಕಾಗಿ ಅವಳು ಕಬ್ಬಿಣದ ಬೀರು ತೆಗೆದಳು. ಅಚ್ಚು ಹಾಕಿದ ಪ್ರತಿಯೊಂದರಲ್ಲೂ ಒಂದು ಪ್ರತಿಯನ್ನು ಬೀರುವಿನಲ್ಲಿ ಇಡುವುದು ಮಾವನ ಪದ್ಧತಿ. ಅಲ್ಲಿ ಕಾಲೇಜಿನ ಹನ್ನೆರಡು ವರ್ಷದ ಕೈಪಿಡಿಗಳಿದ್ದವು. ಹನ್ನೆರಡನ್ನೂ ಮೇಜಿನ ಮೇಲೆ ಹರಡಿ, ಕರಡು ನೋಡುವಂತೆ ಒಂದರ ಪಕ್ಕ ಒಂದಿಟ್ಟು ಸಾಲು ಸಾಲಾಗಿ ತಾಳೆ ನೋಡಿದಳು. ಅವಳಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಅದು ಅವತ್ತು ಕೈಕೊಡಲಿಲ್ಲ.

ಸಂಜೆ ಮಾವ ಬಂದಾಗ ಅವಳ ಮೂಗಿನ ಮೇಲೆಲ್ಲ ಧೂಳಿತ್ತು. "ಮಾವ, ಇಲ್ನೋಡು. ಹನ್ನೆರಡು ವರ್ಷದ ಹಿಂದಿನ ಪುಸ್ತಕದಲ್ಲಿ, ಕಲಿತೋರಿಗೆ ಸಿಗೋ ಕೆಲಸಗಳಲ್ಲಿ ಮೊದಲನೇದು ವೆಬ್‌ಸೈಟ್ ನೋಡ್ಕೊಳ್ಳೋ ವೆಬ್‌ಮಾಸ್ಟರ್. ನಾಲ್ಕು ವರ್ಷಕ್ಕೆ ಆ ಹೆಸರೇ ಇಲ್ಲ. ಆಮೇಲೆ ಮೊಬೈಲ್ ಆ್ಯಪ್, ಆಮೇಲೆ ಕ್ಲೌಡ್, ಈಗ ಎಐ. ಕೆಲಸದ ಪಟ್ಟಿ ವರ್ಷಾ ವರ್ಷಾ ಬೇರೆ."

"ಅದಕ್ಕೇ ಹೇಳಿದ್ದು, ಈಗಿನದ್ದು ತಗೋ. ಡೇಟಾ ಸೈನ್ಸ್. ಪೇಪರ್ ತೆಗೆದ್ರೆ ಅದೇ."

"ಕೇಳು ಪೂರ್ತಿ. ಇನ್ಫರ್ಮೇಷನ್ ಸಿಸ್ಟಮ್ಸ್‌ನಲ್ಲಿ ಕಲಿಸೋ ಸಾಫ್ಟ್‌ವೇರ್ ಹೆಸರು ಮೂರು ವರ್ಷಕ್ಕೊಮ್ಮೆ ಬದಲಾಗಿದೆ. ನಿನ್ನ ಡೇಟಾ ಸೈನ್ಸ್‌ನ ಅರ್ಧ ಪಾಠ ಕಂಪ್ಯೂಟರ್ ಸೈನ್ಸ್ ಪುಟದಿಂದ ಎತ್ತಿದ್ದು, ಸಾಲಿಗೆ ಸಾಲು. ಆದ್ರೆ ಕಂಪ್ಯೂಟರ್ ಸೈನ್ಸ್‌ನ ಮೊದಲ ಎರಡು ವರ್ಷದ ಪಾಠ ಹನ್ನೆರಡು ವರ್ಷದಲ್ಲಿ ಹೆಚ್ಚುಕಮ್ಮಿ ಅದೇ. ಎಲೆ ಉದುರಿದೆ ಮಾವ, ಬೇರು ಅಲ್ಲೇ ಇದೆ."

ಮಾವ ತಲೆ ಕೆರೆದುಕೊಂಡ. "ಗಣಿತ ಇರುತ್ತಂತಲ್ಲ."

"ಇರಲಿ. ಹಿಡಿಯೋಕಾಗದ ತಪ್ಪು ಇನ್ನೂ ಯಾವುದೂ ಸಿಕ್ಕಿಲ್ಲ ನಂಗೆ. ಮತ್ತೆ ಇನ್ನೊಂದು, ತಪ್ಪು ಹಿಡಿಯೋ ಕಂಪ್ಯೂಟರ್ ತಪ್ಪು ಮಾಡಿದ್ರೆ ಹಿಡಿಯೋರು ಬೇಕಲ್ಲ? ಆ ಕೆಲಸ ಎಲ್ಲಿಗೂ ಹೋಗಲ್ಲ."

ಹೇಳಿ ಮುಗಿಸಿ, ಮಾವನ ಎದುರೇ ಮೊದಲ ಚೌಕಕ್ಕೆ ಟಿಕ್ ಹಾಕಿದಳು. ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದು, ಅದರ ಜಾಗದಲ್ಲಿ ಬುಧವಾರದ ಮಾತಿನ ಭಾರ ಉಳಿಯಿತು. ಅದಕ್ಕೆ ಯಾವ ಬೀರುವಿನಲ್ಲೂ ಉತ್ತರವಿರಲಿಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಅವನು ಬಂದ. ಕೂರಲಿಲ್ಲ. ಸಹಿಯಾದ ಕರಡಿನಲ್ಲಿ ಪುಟ ಹನ್ನೆರಡು ತೆಗೆದು ಅವಳ ಮುಂದಿಟ್ಟು, ಕಿಟಕಿಯ ಕಡೆ ತಿರುಗಿ ನಿಂತ.

ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಎರಡು ಸಾಲುಗಳಿದ್ದವು. ಮೊದಲನೆಯದು: "ಬುಧವಾರ ನಾನು ಹೇಳಿದ್ದು ತಪ್ಪು. ನಿಮಗೆ ಸರಿಯಾದದ್ದು ಈ ಪುಟದ ಕೋರ್ಸ್." ಎರಡನೆಯದರ ಮೇಲೆ ದಪ್ಪ ಗೀಟು ಎಳೆದಿತ್ತು. ಗೀಟಿನ ಕೆಳಗಿದ್ದದ್ದನ್ನು ಓದುವುದು ಅವಳಿಗೆ ನೀರು ಕುಡಿದಷ್ಟು ಸುಲಭ. "ಪುಸ್ತಕ ಮುಗಿದ ಮೇಲೂ ನಿಮ್ಮೆದುರು ಕೂತು ಓದಬೇಕು ಅಂತ ಆಸೆ, ಜೀವನಪೂರ್ತಿ."

ಅವಳು ಆ ಸಾಲನ್ನು ಮೂರು ಸಲ ಓದಿದಳು. ತಪ್ಪಿರಲಿಲ್ಲ. ಕಾಮಾ ಕೂಡ ಜಾಗದಲ್ಲೇ ಇತ್ತು.

"ನಂಗೆ ಗಣಿತ ಬರಲ್ಲ ಅಂದ್ರಲ್ಲ?" ಎಂದಳು.

"ಹಾಗಂದಿಲ್ಲ. ಗಣಿತ ಜಾಸ್ತಿ ಅಂದೆ. ನಾಲ್ಕೂ ವರ್ಷ ಆ ಗಣಿತ ಹೇಳೋನು ನಾನು." ಅವನು ಇನ್ನೂ ಕಿಟಕಿಯನ್ನೇ ನೋಡುತ್ತಿದ್ದ. "ನೀವು ಅಲ್ಲಿಗೆ ಬಂದ್ರೆ ನಿಮ್ಮ ಪೇಪರ್ ನಾನೇ ತಿದ್ದಬೇಕು. ಪೇಪರ್ ತಿದ್ದೋನು ಹುಬ್ಬು ನೋಡ್ಕೊಂಡು ಕೂರೋ ಹಾಗಿಲ್ಲ. ಅದಕ್ಕೇ ಆ ಕಡೆ ತಳ್ಳಿದೆ."

"ಅಂದ್ರೆ ನನ್ನ ನಾಲ್ಕು ವರ್ಷಾನ ನಿಮ್ಮ ಅನುಕೂಲಕ್ಕೆ ತಿರುಗಿಸೋಕೆ ಹೋದ್ರಿ."

"ಹೌದು" ಎಂದ. ನೆಪ ಹೇಳಲಿಲ್ಲ. "ಎರಡು ದಿನದಿಂದ ಊಟ ಸೇರ್ತಿಲ್ಲ. ಅದಕ್ಕೇ ಮೊದಲ ಸಾಲು ಬರೆದೆ. ಅದು ಬರೆದ ಮೇಲೆ ಎರಡನೇದು ಇರೋ ಹಾಗಿಲ್ಲ, ಹೊಡೆದುಹಾಕ್ದೆ."

ಅವಳಿಗೆ ಸಿಟ್ಟು ಬಂದದ್ದು ನಿಜ. ಆ ಸಿಟ್ಟಿನ ಬೆನ್ನಿಗೇ, ತನ್ನ ಆಸೆಗೆ ತಾನೇ ಗೀಟು ಎಳೆದುಕೊಂಡು ಬಂದು ನಿಂತವನ ಬೆನ್ನು ನೋಡಿ, ಅವಳಿಗೆ ತುಂಬ ಪ್ರೀತಿಯೂ ಬಂತು. ಅರ್ಜಿಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇಲ್ನೋಡಿ. ನಿನ್ನೇನೇ ಟಿಕ್ ಹಾಕಿದ್ದೀನಿ. ನಿಮ್ಮ ಮಾತು ಕೇಳಿ ಅಲ್ಲ, ನಿಮ್ಮ ಹನ್ನೆರಡು ಪುಸ್ತಕ ಓದಿ."

ಅವನು ತಿರುಗಿ ನೋಡಿದ. ಟಿಕ್ ಕಂಡಾಗ ಮುಖ ಅರಳಿತು, ಮರುಕ್ಷಣವೇ ಬಾಡಿತು. "ಒಳ್ಳೇದಾಯ್ತು" ಎಂದ, ಪೂರಾ ಮನಸ್ಸಿನಿಂದ. "ನಾಲ್ಕು ವರ್ಷ ಕಾಯ್ತೀನಿ. ನಿಮಗೆ ಅಭ್ಯಂತರ ಇಲ್ದಿದ್ರೆ."

"ನಂಗಿದೆ ಅಭ್ಯಂತರ. ಪುಟ ನಲವತ್ತೊಂದು ತೆಗೀರಿ. ನಿಯಮ ಹದಿನೇಳು, ಗಟ್ಟಿಯಾಗಿ ಓದಿ."

ಅವನು ಹಾಳೆ ತಿರುವಿದ. "ಅಧ್ಯಾಪಕರ ಪತಿ, ಕಾಮಾ, ಪತ್ನಿ, ಕಾಮಾ, ವಿವಾಹ ನಿಶ್ಚಯವಾದವರು ಅಥವಾ ಹತ್ತಿರದ ಸಂಬಂಧಿಗಳು ವಿದ್ಯಾರ್ಥಿಗಳಾಗಿದ್ದಲ್ಲಿ, ಕಾಮಾ, ಕಚೇರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಫುಲ್‌ಸ್ಟಾಪ್. ಅವರ ಉತ್ತರಪತ್ರಿಕೆಗಳನ್ನು ಬೇರೆ ಅಧ್ಯಾಪಕರು..." ದನಿ ನಿಂತಿತು. "ಇದು ಯಾವಾಗ ಬಂತು?"

"ಬುಧವಾರ ಮಧ್ಯಾಹ್ನ ನೀವೇ ಓದಿದ್ರಿ. ಮೂರು ಕಾಮಾ ಸಮೇತ."

"ಆ ಪುಟ ಆಫೀಸಿನವರು ಬರೆದದ್ದು. ನಾನು ಬರೀ ಓದಿದೆ. ಅವತ್ತು ಏನು ಓದ್ತಿದ್ದೀನಿ ಅನ್ನೋದೇ..."

"ನಾನು ಕೇಳಿಸ್ಕೊಂಡೆ. ಸಿಟ್ಟಿದ್ರೂ ಕೇಳಿಸ್ಕೊಂಡೆ. ಅದು ನನ್ನ ಕೆಲಸ." ಅವಳು ಪೆನ್ಸಿಲ್ ಎತ್ತಿಕೊಂಡಳು. "ಈಗ ಆಫೀಸಿಗೆ ಬರೆದುಕೊಡ್ಬೇಕು. ಆ ಪಟ್ಟಿಯಲ್ಲಿ ನಾನು ಯಾವುದು ಅಂತ ಬರೀತೀರಿ?"

ಅವನ ಕಿವಿ ಕೆಂಪಾಯಿತು. "ಪತಿ ಅಂತೂ ಅಲ್ಲ."

"ಮುಂದೆ."

"ಎರಡನೇದಕ್ಕೆ ಇನ್ನೂ ಟೈಮ್ ಬೇಕು. ಮೂರನೇದು..." ಕನ್ನಡಕ ಮೂಗಿನ ತುದಿಗೆ ಜಾರಿತು, ಅವನು ಮೇಲೇರಿಸಿಕೊಳ್ಳಲೂ ಇಲ್ಲ. "ಮೂರನೇದು, ನೀವು ಒಪ್ಪಿದ್ರೆ."

ಅವಳು ಪುಟ ಹನ್ನೆರಡನ್ನು ತನ್ನ ಕಡೆ ಎಳೆದುಕೊಂಡು, ಗೀಟು ಹೊಡೆದ ಆ ಎರಡನೆಯ ಸಾಲಿನ ಕೆಳಗೆ ಚುಕ್ಕೆ ಇಡುತ್ತಾ ಹೋದಳು. ಪುಸ್ತಕದಿಂದ ಜೀವನಪೂರ್ತಿಯವರೆಗೆ, ಒಂದಕ್ಷರವನ್ನೂ ಬಿಡದೆ. ಅವನು ಪೆನ್ಸಿಲ್‌ನ ತುದಿಯನ್ನೇ ನೋಡುತ್ತಿದ್ದ. ಕಡೆಯ ಚುಕ್ಕೆ ಬಿದ್ದ ಮೇಲೆ ಅವನ ಕೈ ಮೇಜಿನ ಮೇಲೆ ಅವಳ ಕೈಯ ಪಕ್ಕಕ್ಕೆ ಬಂತು. ಅವಳು ಕೈ ಸರಿಸಲಿಲ್ಲ.

"ಪುಟ ಹನ್ನೆರಡು ಆಯ್ತಾ?" ಎನ್ನುತ್ತಾ ಮಾವ ಒಳಗೆ ಬಂದ. ಎರಡು ಕೈಗಳೂ ತಮ್ಮ ತಮ್ಮ ಮನೆಗೆ ಓಡಿದವು. ಮಾವ ಹಾಳೆ ಎತ್ತಿ ಕಣ್ಣಿನ ಹತ್ತಿರ ಹಿಡಿದ. "ಅಂಚಲ್ಲಿ ಏನೋ ಇದೆಯಲ್ಲ. ಚುಕ್ಕೆ ಬೇರೆ ಇಟ್ಟಿದ್ದೀಯ. ಇದೂ ಅಚ್ಚಾಗ್ಬೇಕಾ?"

"ಬೇಡ ಮಾವ. ಅದು ಬೀರುವಿಗೆ."

ಮಾವ ಪೂರ್ತಿ ಓದಿದ. ಚುಕ್ಕೆ ಇಡುವುದನ್ನು ಅವಳಿಗೆ ಕಲಿಸಿದವನೇ ಅವನು. ಮೇಷ್ಟ್ರ ಮುಖ ನೋಡಿದ, ಸೊಸೆಯ ಮುಖ ನೋಡಿದ, ಕಡೆಗೆ ಗೋಡೆಯ ಗಡಿಯಾರ ನೋಡಿದ. "ನಾಲ್ಕೂಕಾಲು. ಅರ್ಜಿ ಕೊಟ್ಟು ಬಂದು ಮಿಕ್ಕಿದ್ದು ಮಾತಾಡೋಣ. ಇಬ್ಬರೂ ಹೊರಡಿ, ಫುಲ್‌ಸ್ಟಾಪ್" ಎಂದ. ಶಿಳ್ಳೆ ಜೋರಾಗಿಯೇ ಬಂತು, ಈ ಸಲ ಮೂವರೂ ನಕ್ಕರು.

ಕಾಲೇಜಿನ ಮೆಟ್ಟಿಲ ಮೇಲೆ ಅವಳು ನಿಂತಳು. ಅರ್ಜಿಯನ್ನು ಅವನ ಕೈಗಿಟ್ಟು, "ಕೊಡೋ ಮುಂಚೆ ಒಂದ್ಸಲ ತಾಳೆ ನೋಡೋಣ. ಕಡೇ ಸಾಲು ಓದಿ" ಎಂದಳು.

ಅವನು ಹಾಳೆಯ ಮೇಲೊಮ್ಮೆ, ಅವಳ ಎಡಹುಬ್ಬಿನ ಮೇಲೊಮ್ಮೆ ಕಣ್ಣಿಟ್ಟು ನಿಧಾನವಾಗಿ ಓದಿದ. "ಒಮ್ಮೆ ಆರಿಸಿದ ಮೇಲೆ ಬದಲಾಯಿಸಲು ಅವಕಾಶವಿಲ್ಲ. ಫುಲ್‌ಸ್ಟಾಪ್."

ಹುಬ್ಬು ಏಳಲಿಲ್ಲ. "ಸರಿಯಾಗಿದೆ" ಎಂದಳು ಅವಳು.