ಎಡಗೈ ಕತ್ತರಿ

"ಯಾರು ಹೇಳಿದ್ರು ನಿಮಗೆ? ನಮ್ಮತ್ತಿಗೆ ತಾನೆ?"

ಸೋಫಾ ರಿಪೇರಿ ಅಂಗಡಿಯ ಬಾಗಿಲಲ್ಲೇ ನಿಂತು ಅವಳು ಸಿಡಿದಳು. ಪಕ್ಕದ ಅಂಗಡಿಯ ಟೈಲರ್ ಅವಳು. ಹೊಸ ಬಟ್ಟೆ ಹಾಕಿಸಲು ಕಳಿಸಿದ್ದ ಅವಳ ಕುರ್ಚಿಯಲ್ಲಿ ಎಡಗೈ ಇಡುವ ಕಡೆ ಮಾತ್ರ ಎತ್ತರವಾಗಿ, ಮೆತ್ತಗಾಗಿ ಬಂದಿತ್ತು. ಯಾರೋ ಕನಿಕರಪಟ್ಟು ಮಾಡಿದ ಹಾಗೆ!

ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಸೋಫಾದವನು ಕಕ್ಕಾಬಿಕ್ಕಿಯಾಗಿ ನಿಂತ.

"ಯಾರೂ ಏನೂ ಹೇಳಿಲ್ಲ ಮೇಡಂ. ಎಡಗಡೆ ಬಟ್ಟೆ ಸವೆದು ಸ್ಪಂಜು ಕಾಣ್ತಿತ್ತು. ಬಲಗಡೆ ಹೊಸದರ ಹಾಗೇ ಇತ್ತು. ನೀವು ಎಡಚರು ಅಂದ್ಕೊಂಡೆ... ತಪ್ಪಾಯ್ತಾ?"

ಎಡಚರು! ಎಷ್ಟೋ ಕಾಲದ ಮೇಲೆ ಅವಳಿಗೆ ನಗು ಬಂತು. ಅವಳ ಎಡಗೈ ವಿಷಯದಲ್ಲಿ ಯಾರೂ ಕಾಯಿಲೆಯ ಮಾತೆತ್ತದೆ ಇದ್ದದ್ದು ಅದೇ ಮೊದಲು.

"ಹೌದು, ಎಡಚಿನೇ," ಎಂದುಬಿಟ್ಟಳು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕಂತೆ. ಇವಳಿಗೆ ಸುಳ್ಳಿನ ಜೊತೆ ನೋವೂ ಬಂತು. ದಿನಾ ಸಂಜೆ ಅವನು ಟೀ ತಂದರೆ ಬಲಗೈಯಲ್ಲಿದ್ದ ಕತ್ತರಿ ಬಚ್ಚಿಟ್ಟು ಎಡಗೈಯಲ್ಲೇ ಲೋಟ ಹಿಡಿಯಬೇಕು. ಉದ್ದ ತೋಳಿನ ಅಂಗಿಯ ಒಳಗೆ ಊತ ತಡೆಯುವ ಬಿಗಿ ಪಟ್ಟಿ, ಅದರೊಳಗೆ ಜುಮುಗುಡುವ ಕೈ. ಹಳೇ ಸೋಫಾದೊಳಗೆ ಸಿಕ್ಕ ಹಲ್ಲುಸೆಟ್ಟಿನ ಕಥೆ ಅವನು ಹೇಳುತ್ತಿದ್ದರೆ ಇವಳು ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಮನೆಗೆ ಹೋಗಿ ಬಟ್ಟೆಯನ್ನೂ ಬದಲಿಸದೆ ಮಲಗಿಬಿಡುತ್ತಿದ್ದಳು.

"ಹನ್ನೊಂದು ವರ್ಷ ಆಯ್ತಲ್ಲೇ ಗಟ್ಟಿಗಿತ್ತಿ, ಇನ್ನೂ ಏನು ಸುಸ್ತು?" ಎಂದು ಅತ್ತಿಗೆ ಕೇಳುವಳು. ಕೆಟ್ಟ ಮನಸ್ಸಿನಿಂದಲ್ಲ. ಕ್ಯಾನ್ಸರ್ ಗೆದ್ದ ನಾದಿನಿ ಇದ್ದಾಳೆಂದು ಅವಳಿಗೆ ಹೆಮ್ಮೆ. ಗೆದ್ದವರು ದೀಪ ಹಚ್ಚುವ ಹೊತ್ತಿಗೇ ಮಲಗಬಾರದು, ಅಷ್ಟೇ.

'ಗೆದ್ದದ್ದು ನಿಜ... ಗೆದ್ದ ಮೇಲೆ ಇಷ್ಟೊಂದು ಆಯಾಸ ಇರುತ್ತೆ ಅಂತ ಯಾರೂ ಹೇಳಲೇ ಇಲ್ಲವಲ್ಲ!'

ಅವನಿಗೆ ನಿಜ ಹೇಳಬೇಕಿತ್ತು. ಹೇಳಿದರೆ ಅವನೂ ಗಟ್ಟಿಗಿತ್ತಿ ಎನ್ನುತ್ತಾನೆ, ಇಲ್ಲವೇ ಮೆಲ್ಲಗೆ ಟೀ ತರುವುದನ್ನು ನಿಲ್ಲಿಸುತ್ತಾನೆ. ಎರಡನ್ನೂ ತಾಳುವ ಶಕ್ತಿ ಅವಳಲ್ಲಿರಲಿಲ್ಲ.

ಒಂದು ಸಂಜೆ ಅವನು ಅವಳ ಮೇಜಿನ ಮೇಲೆ ಪೊಟ್ಟಣವೊಂದನ್ನು ಇಟ್ಟ. ಒಳಗೆ ಕತ್ತರಿ. ಎಡಚರಿಗೆಂದೇ ಮಾಡಿದ್ದು. ಅದಕ್ಕಾಗಿ ಊರೆಲ್ಲ ಅಲೆದಿದ್ದನಂತೆ.

"ನನಗೆ ಮಾತು ಬರಲ್ಲ," ಎಂದು ತಲೆ ಕೆರೆದುಕೊಂಡ. "ನನ್ನ ಹೆಂಡತಿ ತೀರಿಹೋಗಿ ಬಹಳ ವರ್ಷ ಆಯ್ತು. ನೀವು... ನನ್ನ ಮದುವೆ ಆಗ್ತೀರಾ? ಮೊದಲು ಕತ್ತರಿಸಿ ನೋಡಿ, ಹರಿತ ಇದ್ಯಾ ಅಂತ."

ಅವಳು ಎಡಗೈಯಲ್ಲಿ ಕತ್ತರಿ ಹಿಡಿದು ಬಟ್ಟೆಗೆ ಇಟ್ಟಳು. ಬೆರಳು ಮಡಚಲು ಆಗಲಿಲ್ಲ. ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು.

"ನಾನು ಎಡಚಿ ಅಲ್ಲ!"

ಅಷ್ಟು ದಿನ ನುಂಗಿಕೊಂಡದ್ದೆಲ್ಲ ಅಳುವಿನ ಜೊತೆ ಹೊರಗೆ ಬಂತು.

"ಒಂದು ಎದೆ ತೆಗೆದಿದ್ದಾರೆ. ಈ ಕೈ ಊದುತ್ತೆ, ಅದಕ್ಕೇ ಕುರ್ಚಿ ತೋಳಿನ ಮೇಲಿಟ್ಟಿರ್ತೀನಿ. ಕಾಯಿಲೆ ಹೋಯ್ತು, ಸುಸ್ತು ಹೋಗ್ಲಿಲ್ಲ. ಮಲಗಿ ಎದ್ರೂ ಸುಸ್ತು. ನಗೋಕೂ ಸುಸ್ತು... ನನ್ನ ಗಟ್ಟಿಗಿತ್ತಿ ಅಂತ ಮಾತ್ರ ಅನ್ನಬೇಡಿ."

ಅವನ ಮುಖ ಬಾಡಿತು.

"ದಿನಾ ಆ ಕೈಯಲ್ಲೇ ಲೋಟ ಹಿಡೀತಿದ್ರಲ್ಲ... ನೋಯ್ತಿತ್ತಾ?"

"ಹೂಂ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಟೀ ಕುಡಿಯೋಕೆ ಬರ್ತಿರಲಿಲ್ಲ ಅಂತ..."

"ಆ ಟೀ ಬಾಯಿಗಿಡೋ ಹಾಗಿತ್ತಾ? ನಿಮ್ಮ ಜೊತೆ ಕೂರಬಹುದು ಅಂತ ಕುಡೀತಿದ್ದೆ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಮೈಯೆಲ್ಲ ಸೋತು ಹೋಗಿತ್ತು.

"ಈಗ ಮಾತಾಡೋಕೂ ಆಗ್ತಿಲ್ಲ ನನಗೆ..."

"ಬೇಡ. ಉತ್ತರ ನಾಳೆ ಹೇಳಿ."

"ನಾಳೆನೂ ಸುಸ್ತಾಗಿರುತ್ತೆ."

"ಸುಸ್ತಲ್ಲೇ ಹೇಳಿ."

ಅವಳು ಕಣ್ಣು ಮುಚ್ಚಿ ಅವನ ಭುಜಕ್ಕೆ ಒರಗಿದಳು. ನಾಳೆಯವರೆಗೆ ಕಾಯುವಷ್ಟು ತ್ರಾಣ ಅವಳಲ್ಲಿರಲಿಲ್ಲ.

"ಆಗ್ತೀನಿ," ಎಂದಳು.