ಮಾವನ ಮಗಳು ಅಂತ ಹೇಳಿಬಿಟ್ಟ!

"ಆಂಟಿ, ಯೇ ಮೇರೇ ಮಾಮಾ ಕೀ ಬೇಟೀ ಹೈ!"

ಧಾರಿಣಿ ಬೆಚ್ಚಿ ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ನಿಂತಿದ್ದ ಆ ಯುವಕನನ್ನು ಅವಳು ಜನ್ಮದಲ್ಲಿ ಕಂಡವಳಲ್ಲ.

ನಾನು... ಇವನ ಮಾವನ ಮಗಳಾ?! ಛೀ!

ಅದು 2006ರ ಜುಲೈ. ಐಎಎಸ್ ಪರೀಕ್ಷೆಗೆ ಸಮಾಜಶಾಸ್ತ್ರ ಓದಲು ದಾವಣಗೆರೆಯಿಂದ ದೆಹಲಿಗೆ ಬಂದಿದ್ದಳು ಧಾರಿಣಿ. ಇವತ್ತು ರೂಮ್ ಸಿಗದಿದ್ದರೆ ವಾಪಸ್ ಬಂದುಬಿಡು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಲಕ್ಷ್ಮೀ ನಗರದ ಈ ಮನೆಯ ಒಡತಿ ಉಷಾ ಆಂಟಿಯೋ, ಗುರುತು ಪರಿಚಯವಿಲ್ಲದ ಹುಡುಗಿಗೆ ರೂಮ್ ಕೊಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅವಳು ಫೋನಿನಲ್ಲಿ ಅಮ್ಮನ ಹತ್ತಿರ ಅಳುತ್ತಿದ್ದುದು ಮೇಲಿನ ರೂಮಿನಲ್ಲಿದ್ದ ಈ ಕನ್ನಡದ ಹುಡುಗ ಚಿದಂಬರನ ಕಿವಿಗೆ ಬಿದ್ದಿತ್ತು.

"ಅಚ್ಛಾ! ಪೆಹಲೇ ಕ್ಯೂಂ ನಹೀ ಬತಾಯಾ?" ಮೊದಲೇ ಹೇಳಬಾರದಿತ್ತೇ ಎಂದು ಆಂಟಿ ನಗುತ್ತಾ ಕೀಲಿ ತರಲು ಒಳಗೆ ಹೋದರು. ಅಳಬೇಡಿ, ರೂಮ್ ಸಿಕ್ಕಿತಲ್ಲ ಎಂದು ಅವನು ಕನ್ನಡದಲ್ಲಿ ಹೇಳಿದ್ದೇ ತಡ, ಧಾರಿಣಿ ಸಿಡಿದಳು.

"ಏನ್ರೀ, ಹುಡುಗಿ ಕಂಡ ತಕ್ಷಣ ಮಾವನ ಮಗಳಾ? ನಾಚಿಕೆ ಆಗಲ್ವಾ ನಿಮಗೆ?"

"ಸಾರಿ ರೀ... ಬಾಯಿಗೆ ಅದೇ ಬಂತು."

"ಅಸಹ್ಯ!"

ಅಲ್ಲ, ನೀವೇ ಹೇಳಿ. ನಮ್ಮ ಕಡೆ ಮಾವನ ಮಗಳು ಎಂದರೆ ಮದುವೆಗೆ ಬರುವ ವರಸೆ. ದಾರಿಯಲ್ಲಿ ಹೋಗುವವನು ಹಾಗಂದರೆ ಯಾವ ಹುಡುಗಿಗೆ ಮೈ ಉರಿಯುವುದಿಲ್ಲ? ಬೀದಿ ಕಾಮಣ್ಣ ಎಂದು ಬೈದುಕೊಳ್ಳುತ್ತಲೇ ಅವಳು ರೂಮ್ ಸೇರಿದಳು.

ಆದರೆ ಈ ಕಾಮಣ್ಣ ಕಣ್ಣೆತ್ತಿಯೂ ನೋಡಲಿಲ್ಲ! ನಲ್ಲಿ ನಿಲ್ಲುವ ಮೊದಲು ಅವಳ ಬಕೆಟ್ ತುಂಬಿಸಿಡುತ್ತಿದ್ದ. ಅವಳಿಗೆ ಜ್ವರ ಬಂದಾಗ ಬಾಗಿಲಲ್ಲಿ ಗಂಜಿ ಇಟ್ಟು ಹೋದ. ಅವಳ ಕೋಚಿಂಗ್ ಕ್ಲಾಸಿನಲ್ಲೇ ಇದ್ದರೂ ಹಿಂದಿನ ಬೆಂಚು ಬಿಟ್ಟು ಮುಂದೆ ಬರಲಿಲ್ಲ. ಅವಳ ಕೋಪ ಕರಗುತ್ತಾ ಬಂತು, ಎಷ್ಟೆಂದರೆ ಅವನ ಹೆಜ್ಜೆ ಸದ್ದಿಗೆ ಕಿವಿ ಕೊಡುವಷ್ಟು.

ಒಂದು ಸಂಜೆ ಆಂಟಿ ಅವಳಿಗಾಗಿ ಚಿದಂಬರನ ಕೈಗೆ ಪರಾಠಾ ಕೊಟ್ಟಾಗ ಅವನು ಹೇಳಿದ್ದು ಕೇಳಿಸಿತು. "ಹಾಂ ಆಂಟಿ, ಬಹನ್ ಕೋ ದೇ ದೂಂಗಾ."

ಬಹನ್? ತಂಗಿಯಾ?!

ಅನ್ನದಲ್ಲಿ ಕೂದಲು ಸಿಕ್ಕಂತಾಯಿತು ಧಾರಿಣಿಗೆ.

ಮರುದಿನ ಕ್ಲಾಸಿನಲ್ಲಿ ಬಂಧುತ್ವದ ಪಾಠ. "ದಕ್ಷಿಣದ ಎಷ್ಟೋ ಕಡೆ ಮಾವನ ಮಗಳನ್ನ ಮದುವೆ ಆಗಬಹುದು. ಇಲ್ಲಿ ಅವಳು ತಂಗಿ," ಎಂದರು ಸರ್. ಪಕ್ಕದ ಹುಡುಗಿ "ಛೀ!" ಎಂದು ಮುಖ ಕಿವುಚಿದಳು. ಸರ್ ನಕ್ಕರು. "ನೋಡಿ, ಯಾವುದಕ್ಕೆ ಛೀ ಅನ್ನಬೇಕು ಅನ್ನೋದನ್ನೂ ನಮ್ಮ ಸಮಾಜವೇ ಕಲಿಸುತ್ತೆ."

ಅಯ್ಯೋ ದೇವರೇ! ಹಾಗಾದರೆ ಆಂಟಿ ಲೆಕ್ಕದಲ್ಲಿ ನಾವು ಅಣ್ಣ-ತಂಗಿ! ಮತ್ತೆ... ಅವನ ಲೆಕ್ಕದಲ್ಲಿ?

ಕೇಳಲು ಧೈರ್ಯ ಬರುವ ಮೊದಲೇ ರಾಖಿ ಹಬ್ಬ ಬಂತು. ಆಂಟಿ ತಟ್ಟೆ ಹಿಡಿದು ಇಬ್ಬರನ್ನೂ ಎದುರುಬದುರು ಕೂರಿಸಿದರು. ಚಿದಂಬರ ತಲೆ ತಗ್ಗಿಸಿ ಕೈ ಚಾಚಿದ. ಧಾರಿಣಿ ತಟ್ಟೆಯ ರಾಖಿಯನ್ನು ಕೈಗೆತ್ತಿಕೊಂಡಳು. ಕಟ್ಟಿದರೆ ರೂಮ್ ಉಳಿಯುತ್ತದೆ, ಪರೀಕ್ಷೆ ಉಳಿಯುತ್ತದೆ. ಆದರೆ ಇವನು?

"ನನ್ನಿಂದ ಆಗಲ್ಲ ಆಂಟಿ. ನಮ್ಮ ಕಡೆ ಮಾವನ ಮಗಳನ್ನ ಮದುವೆ ಆಗ್ತಾರೆ," ಎಂದು ಹಿಂದಿಯಲ್ಲಿ ಹೇಳಿಯೇಬಿಟ್ಟಳು.

"ಛೀ ಛೀ! ಭಾಯಿ ಸೇ ಶಾದಿ?!" ಆಂಟಿ ಕೊಳಕು ಮುಟ್ಟಿದವರಂತೆ ಹಿಂದೆ ಸರಿದರು. "ನಿಕಲೋ, ದೋನೋಂ!" ಎಂದು ಇಬ್ಬರಿಗೂ ಬಾಗಿಲು ತೋರಿಸಿದರು.

ಚಿದಂಬರ ಥಟ್ಟನೆ ಎದ್ದು ನಿಂತ. "ಆಂಟಿ, ಇವರು ನನಗೆ ಏನೂ ಆಗಬೇಕಿಲ್ಲ. ಸುಳ್ಳು ಹೇಳಿದವನು ನಾನು. ನಾನೇ ಹೋಗ್ತೀನಿ, ಇವರನ್ನ ಇರೋಕೆ ಬಿಡಿ."

ಆಂಟಿ ಅವನನ್ನು ಮನಸಾರೆ ಬೈದರು. ಕೊನೆಗೆ, ಹುಡುಗಿಯನ್ನು ಇಷ್ಟು ದಿನ ನೋಡಿದ್ದೇನೆ, ಅವಳು ಇರಲಿ, ನೀನು ಇವತ್ತೇ ತೊಲಗು ಎಂದರು.

ಮಧ್ಯಾಹ್ನ ಅವನು ಬ್ಯಾಗ್ ಹೊತ್ತು ಇಳಿಯುವಾಗ ಧಾರಿಣಿ ಮೆಟ್ಟಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಹೌಜ್ ಖಾಸ್‌ನಲ್ಲಿ ಗೆಳೆಯನ ಮನೆ ಇದೆ."

"ಆವತ್ತು ತಂಗಿ ಅಂತಲೇ ಹೇಳಬಹುದಿತ್ತಲ್ಲ?"

ಅವನು ಬ್ಯಾಗ್ ಕೆಳಗಿಟ್ಟ. "ಬಾಯಿ ಬರಲಿಲ್ಲ ರೀ. ಅಳ್ತಾ ನಿಂತಿದ್ರಿ... ಒಂದು ಸಲ ತಂಗಿ ಅಂದುಬಿಟ್ರೆ ಎಲ್ಲಾ ಅಲ್ಲಿಗೇ ಮುಗಿದುಹೋಗುತ್ತೆ ಅನ್ನಿಸ್ತು."

"ಮತ್ತೆ ಬಹನ್ ಅಂದಿದ್ದು?"

"ನೀವು ಅಸಹ್ಯ ಅಂದ್ರಲ್ಲ... ಇನ್ಯಾವ ಧೈರ್ಯ ಉಳಿಯುತ್ತೆ?"

ಅವಳ ಕಣ್ಣು ತುಂಬಿ ಬಂತು. ಇಷ್ಟು ದಿನ ಛೀ ಛೀ ಎಂದಿದ್ದು ಯಾರಿಗೆ, ಯಾತಕ್ಕೆ!

"ನಾಳೆ ನಾನು ಹೌಜ್ ಖಾಸ್‌ಗೆ ಬಂದರೆ, ಯಾರು ಅಂತ ಹೇಳ್ತೀರಿ ನಿಮ್ಮ ಗೆಳೆಯನಿಗೆ?"

"ನೀವೇ ಹೇಳಿಕೊಡಿ. ಇನ್ನು ಸುಳ್ಳು ಹೇಳಲ್ಲ ನಾನು."

ಧಾರಿಣಿ ಅವನ ಕೈ ಹಿಡಿದುಕೊಂಡಳು. "ಮದುವೆ ಆಗೋ ಹುಡುಗಿ ಅನ್ನಿ... ಅದು ಸುಳ್ಳಲ್ಲ."